ಎಂಟನೇ ಸಲದ ಹತ್ತನೇ ಕ್ಲಾಸು

ನಮ್ಮ ವಂಶದಲ್ಲಿ ನಮ್ಮತ್ತೆಯಷ್ಟು ಓದಿದವರು ಇನ್ನೊಬ್ಬರಿಲ್ಲ. ಬೇಕಾದರೆ ಪಂಥ ಕಟ್ಟಿ! ಚಿಕ್ಕಪ್ಪ ಬಿ.ಎ. ಮಾಡಿದ್ದಾನೆ, ನಿಜ. ಆದರೆ ಒಂದೇ ಒಂದು ಸಲ. ಅತ್ತೆ ಹತ್ತನೇ ತರಗತಿಯನ್ನೇ ಎಂಟು ಸಲ ಓದಿದವಳು. ಯಾರು ಹೆಚ್ಚು ಓದಿದ ಹಾಗಾಯಿತು, ನೀವೇ ಹೇಳಿ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಹುಟ್ಟಿದ್ದು, ಬೆಳೆದದ್ದು, ಹತ್ತನೇ ತರಗತಿಯಲ್ಲಿ ಮೊದಲ ಸಲ ಡುಮ್ಕಿ ಹೊಡೆದದ್ದು ಎಲ್ಲಾ ಆಂಧ್ರದ ನಮ್ಮ ಹಿಂದೂಪುರದಲ್ಲೇ. ಆಮೇಲೆ ಕಲ್ಯಾಣದುರ್ಗದ ಕಡೆಗೆ ಮದುವೆಯಾಗಿ ಹೋದಳು. ಅಲ್ಲಿಂದ ಬ್ರಹ್ಮಸಮುದ್ರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅಂಗನವಾಡಿಗೆ ಆಯಾ ಆಗಿ ಸೇರಿಕೊಂಡಳು. ಕಸ ಗುಡಿಸುವುದು, ಅಡುಗೆ ಮಾಡುವುದು, ಮಕ್ಕಳ ಮೂಗು ಒರೆಸುವುದು ಆಯಾ ಕೆಲಸ. ಟೀಚರಾಗಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕು. ಹಲವು ವರ್ಷ ಆಯಾ ಕೆಲಸವನ್ನು ನೆಮ್ಮದಿಯಾಗಿಯೇ ಮಾಡಿಕೊಂಡಿದ್ದವಳು, ಒಂದು ವರ್ಷ ಇದ್ದಕ್ಕಿದ್ದಂತೆ ಬಸ್ಸು ಹತ್ತಿ ಬಂದು, ತನ್ನ ಹಳೆಯ ಸ್ಕೂಲಿನಲ್ಲಿ ಮತ್ತೆ ಪರೀಕ್ಷೆಗೆ ಕಟ್ಟಿದಳು. ಯಾಕೆ ಎಂದು ಕೇಳಿದವರಿಗೆ "ಸುಮ್ನೆ" ಎಂದಳು. ಅಲ್ಲಿಂದಾಚೆಗೆ ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಗೆ ಬಿಸಿಲೂ ಅತ್ತೆಯೂ ಒಟ್ಟಿಗೇ ಬಂದಿಳಿಯುವುದು ಪದ್ಧತಿಯಾಯಿತು.

ಒಂದು ವರ್ಷ ಕನ್ನಡ ಮತ್ತು ತೆಲುಗು ಪಾಸಾದವು. ಮುಂದಿನ ವರ್ಷ ಸೋಷಿಯಲ್, ಇಂಗ್ಲಿಷ್. ಲೆಕ್ಕ ಮೂರು ಸಲ ಕೈಕೊಟ್ಟು, ನಾಲ್ಕನೇ ಸಲ ಪಾಪ ಎಂದು ಬಿಟ್ಟುಕೊಟ್ಟಿತು. ಕೊನೆಗೆ ಉಳಿದದ್ದು ಸೈನ್ಸ್ ಒಂದೇ. ಆ ಹೊತ್ತಿಗೆ ನಾನೂ ಹತ್ತನೇ ತರಗತಿಗೆ ಬಂದು ಅವಳನ್ನು ಕೂಡಿಕೊಂಡೆ. ಅವಳು ಈ ಪರೀಕ್ಷೆಯನ್ನು ಮೊದಲ ಸಲ ಬರೆದಾಗ ನಾನಿನ್ನೂ ಹುಟ್ಟಿರಲಿಲ್ಲ!

ಅತ್ತೆ ಓದುವ ಕ್ರಮವೇ ಬೇರೆ. ಪುಸ್ತಕದಲ್ಲಿ ನೋಡಿದ್ದು ಅವಳ ತಲೆಗೆ ಹತ್ತುತ್ತಿರಲಿಲ್ಲ. ಕೈಯಲ್ಲಿ ಮಾಡಿದ್ದು ಮಾತ್ರ ಹತ್ತುತ್ತಿತ್ತು. ಆದ್ದರಿಂದ ಜೀವಶಾಸ್ತ್ರದ ಚಿತ್ರಗಳನ್ನೆಲ್ಲ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿ ಕಲಿಯುತ್ತಿದ್ದಳು. ಸಗಣಿ ಸಾರಿಸಿದ ನೆಲ, ಚುಕ್ಕಿ ಇಟ್ಟು ಎಳೆ ಎಳೆದ ಬಿಳೀ ಗೆರೆ, ಅಂಚಿಗೆ ಕೆಮ್ಮಣ್ಣು. ಸೋಮವಾರ ಎಲೆಯ ಅಡ್ಡಸೀಳಿಕೆ, ಮಂಗಳವಾರ ಮೂತ್ರಪಿಂಡ. ಬೀದಿಯ ಹೆಂಗಸರು ನಿಂತು ನೋಡಿ, "ಈ ರಂಗೋಲಿ ಹೊಸದು, ನಮ್ಗೂ ಹೇಳ್ಕೊಡಮ್ಮ" ಎಂದು ಮೂತ್ರಪಿಂಡವನ್ನು ಕಾಗದದ ಮೇಲೆ ಇಳಿಸಿಕೊಂಡು ಹೋದದ್ದೂ ಉಂಟು. ಆ ವಾರ ನಮ್ಮ ಬೀದಿಯಲ್ಲಿ ನಾಲ್ಕು ಮನೆ ಮುಂದೆ ಮೂತ್ರಪಿಂಡ ಇತ್ತು.

ಶುಕ್ರವಾರ ಕರುಳಿನ ಸರದಿ. ಅಮ್ಮನ ಸಹನೆ ಅಂದು ಮುಗಿಯಿತು.

"ಲಕ್ಷ್ಮಿ ಬರೋ ಹೊತ್ತಿನಾಗೆ ಬಾಗಿಲಿಗೆ ಸಣ್ಣಕಳ್ಳು ದೊಡ್ಡಕಳ್ಳು ಹಾಕಿದೀಯಲ್ಲೇ?" ಎಂದಳು ಅಮ್ಮ.

"ಲಕ್ಷ್ಮಿಗೇನು ಕಳ್ಳಿಲ್ವಾ ಅತ್ತಿಗೆ? ಅವ್ಳೂ ಉಂಡಿದ್ದು ಅರಗಬೇಕಲ್ಲ" ಎಂದಳು ಅತ್ತೆ.

ಅಂದಿನಿಂದ ಶುಕ್ರವಾರಕ್ಕೆ ಹೃದಯ ಎಂದು ಒಪ್ಪಂದವಾಯಿತು. ಹೃದಯ ಅತ್ತೆಗೆ ಬಹಳ ಹಿಡಿಸಿಬಿಟ್ಟಿತು. ಶುಕ್ರವಾರಕ್ಕೆ ಹಾಕಿದ್ದು ಶನಿವಾರವೂ ಬಂತು, ಭಾನುವಾರವೂ ಬಂತು. ಕೊನೆಗೆ ತಿಂಗಳಿಡೀ ನಮ್ಮ ಬಾಗಿಲಲ್ಲಿ ಹೃದಯವೇ. ಹಾಲು ಹಾಕುವವನು ಅದರ ಮೇಲೆ ಸೈಕಲ್ಲು ನಿಲ್ಲಿಸಿದರೆ "ಗುಂಡಿಗೆ ಮೇಲೆ ಸ್ಟ್ಯಾಂಡ್ ಹಾಕ್ದಲ್ಲಪ್ಪ" ಎಂದು ಅವನಿಗೂ ಒಂದು ಪಾಠ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಹೃದಯದಲ್ಲಿ ತಪ್ಪಿತ್ತು. ರಂಗೋಲಿಯ ಕೈ ನೋಡಿ, ಎಡಕ್ಕೆ ಏನು ಹಾಕಿದರೂ ಬಲಕ್ಕೂ ಅದೇ ಬೀಳಬೇಕು. ಪುಸ್ತಕದ ಹೃದಯ ಹಾಗಿಲ್ಲ. ಮೇಲಿನಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿ ಒಂದೇ ಒಂದು, ಅದು ಒಂದೇ ಕಡೆಗೆ ಬಾಗುತ್ತದೆ. ಅತ್ತೆಯ ಹೃದಯಕ್ಕೆ ಎರಡು ಮಹಾಪಧಮನಿ, ಬಾಗಿಲಿಗೆ ಕಟ್ಟಿದ ಬಾಳೆಕಂಬದ ಹಾಗೆ ಎರಡೂ ಕಡೆಗೆ ಒಂದೊಂದು. ಮೂರನೇ ದಿನವೇ ಅದು ನನ್ನ ಕಣ್ಣಿಗೆ ಬಿತ್ತು. ನಾನು ಹೇಳಲಿಲ್ಲ. ಹೇಳಿದರೆ ಅಲ್ಲೇ ಕೂರಿಸಿಕೊಂಡು ಒಂದು ಗಂಟೆ ಚರ್ಚೆ ಮಾಡುತ್ತಾಳೆಂಬ ಸೋಮಾರಿತನ ಒಂದು. ಇನ್ನೊಂದು ಹೇಳಲು ನಾಚಿಕೆಯಾಗುತ್ತದೆ. ಕ್ಲಾಸಿಗೆ ಯಾವಾಗಲೂ ಮೊದಲು ಬರುತ್ತಿದ್ದ ನನ್ನ ಗೆಳತಿ ಶೋಭಾಳನ್ನು ಒಂದು ಸಂಜೆ ಕರೆದು ಆ ರಂಗೋಲಿ ತೋರಿಸಿದ್ದೆ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಿದ್ದೆವು.

ಪರೀಕ್ಷೆಗೆ ನಮಗೂ ಅವಳಿಗೂ ಒಂದೇ ಸೆಂಟರ್ ಬಿತ್ತು. ಜೀವಶಾಸ್ತ್ರದ ದಿನ ಅತ್ತೆ ಮಡಿ ಸೀರೆ ಉಟ್ಟು, ಹೂ ಮುಡಿದು, ಕೈಯಲ್ಲಿ ಪ್ಯಾಡು ಹಿಡಿದು ನನ್ನ ಜೊತೆ ಒಳಗೆ ಬಂದಳು. ಬಾಗಿಲಲ್ಲಿದ್ದ ಮೇಷ್ಟ್ರು ತೆಲುಗಿನಲ್ಲಿ ತಡೆದರು. "ಅಮ್ಮಾ, ಪಾಪನು ವದಿಲಿಪೆಟ್ಟಿ ಮೀರು ಬಯಟಿಕಿ ವೆಳ್ಳಂಡಿ." ಮಗುವನ್ನು ಬಿಟ್ಟು ನೀವು ಹೊರಗೆ ಹೋಗಿ ಅಂತ. ಅತ್ತೆ ಸೆರಗಿನ ಗಂಟಿನಿಂದ ಹಾಲ್ ಟಿಕೆಟ್ ತೆಗೆದು ಅವರ ಮುಂದೆ ಹಿಡಿದಳು.

"ನೇನೇ ಪಾಪ, ಸಾರ್" ಎಂದಳು. ಆ ಮಗು ನಾನೇ ಅಂತ.

ಪೇಪರು ಭಯಂಕರವಾಗಿತ್ತು. ಗೈಡಿನಲ್ಲಿದ್ದ ಪ್ರಶ್ನೆ ಒಂದೆರಡು ಬಿಟ್ಟರೆ ನೆಟ್ಟಗೆ ಬಂದಿರಲಿಲ್ಲ. ಉಳಿದದ್ದನ್ನೆಲ್ಲ ಸುತ್ತಿ ಬಳಸಿ ಕೇಳಿದ್ದರು. ಹೊರಗೆ ಬಂದಾಗ ಕೆಲವರು ಅಳುತ್ತಿದ್ದರು, ಕೆಲವರು ಪ್ರಶ್ನೆಪತ್ರಿಕೆ ಹರಿಯುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಪೇಪರಿನ ಮಾತೆತ್ತಬಾರದೆಂದು ಬುದ್ಧಿವಂತರು ಹೇಳುತ್ತಾರೆ. ಅತ್ತೆಯ ಶಾಸ್ತ್ರ ತಿರುಗುಮುರುಗು. "ಪೇಪರ್ ಮಾತಾಡ್ದೆ ಮನೆಗೆ ಹೋದ್ರೆ ಬರ್ದಿದ್ದು ದಕ್ಕಾಕಿಲ್ಲ" ಎಂಬುದು ಅವಳ ನಂಬಿಕೆ. ಗೇಟಿನ ಆಚೆಗಿದ್ದ ಹುಣಸೆಮರದ ಕೆಳಗೆ ನನ್ನನ್ನೂ ಶೋಭಾಳನ್ನೂ ನಾಗವೇಣಿ ಎಂಬ ಇನ್ನೊಬ್ಬ ಗೆಳತಿಯನ್ನೂ ಹಿಡಿದು ಕೂರಿಸಿದಳು. ತಾನು ಬೇರಿನ ಮೇಲೆ ಕುಳಿತು ಪ್ರಶ್ನೆಪತ್ರಿಕೆ ಬಿಚ್ಚಿದಳು. ಸಭೆ ಶುರುವಾಯಿತು.

"ಒಂದ್ನೇದು. ಹಗಲೊತ್ತು ಗಿಡ ಯಾವ ಗಾಳಿ ಬಿಡ್ತದೆ?"

ನಾವು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕಬ್ಬಿನ ಹಾಲು ತೆಗೆಯುತ್ತಿದ್ದವನು, "ಹಿಂದೂಪುರದಾಗೆ ಬಿಸಿ ಗಾಳಿ ಕಣಮ್ಮ" ಎಂದ. ಅತ್ತೆ ಅವನನ್ನೂ ಸಭೆಗೆ ಸೇರಿಸಿಕೊಂಡಳು. ಆಮೇಲೆ ಬಂದ ಪ್ರಶ್ನೆಗೆಲ್ಲ ಅವನದೂ ಒಂದು ಉತ್ತರ ಕೇಳಿ, ನಮ್ಮದರ ಜೊತೆ ತಾಳೆ ನೋಡುತ್ತಿದ್ದಳು. ಎರಡು ಕಡೆ ಅವನದೇ ಸರಿ ಇತ್ತು.

ಅವಳ ಲೆಕ್ಕ ನಮಗೆಲ್ಲ ಬಾಯಿಪಾಠವಾಗಿತ್ತು. ಸೈನ್ಸಿಗೆ ಎರಡು ಪೇಪರು, ಎರಡೂ ಸೇರಿ ಮೂವತ್ತೈದು ಬಂದರೆ ಪಾಸು. ಮೊದಲ ಪೇಪರಿನಲ್ಲಿ ಹದಿನೈದು ಖಂಡಿತ. ಜೀವಶಾಸ್ತ್ರದಲ್ಲಿ ಇಪ್ಪತ್ತು ಬರಬೇಕು. ಒಂದೊಂದೇ ಪ್ರಶ್ನೆ ದಾಟಿ, ಬೆರಳು ಮಡಚಿ, ಹದಿನಾರರವರೆಗೆ ಬಂದಳು. ಉಳಿದದ್ದು ಎರಡು ಪ್ರಶ್ನೆ, ನಾಲ್ಕು ನಾಲ್ಕು ಅಂಕದವು. ಮೊದಲನೆಯದು ಹೃದಯದ ಚಿತ್ರ.

"ಇದು ಬಿಡು, ನಾಕಕ್ಕೆ ನಾಕು" ಎಂದು ಅತ್ತೆ ಕಡ್ಡಿಯೊಂದನ್ನು ತೆಗೆದುಕೊಂಡು ಮಣ್ಣಿನ ಮೇಲೆ ಚುಕ್ಕಿ ಇಟ್ಟು ಬರೆದೇ ತೋರಿಸಿದಳು. ಎಡಕ್ಕೊಂದು, ಬಲಕ್ಕೊಂದು.

"ಅತ್ತೆ, ಮಹಾಪಧಮನಿ ಎರಡು ಹಾಕ್ಬಿಟ್ರಾ?" ಎಂದಳು ನಾಗವೇಣಿ. ಪಾಪ, ಅವಳು ನಮ್ಮ ಮನೆಯ ರಂಗೋಲಿ ನೋಡಿದವಳಲ್ಲ.

"ಮತ್ತೆ? ಒಂದ್ ಕಡೆ ಹಾಕಿ ಒಂದ್ ಕಡೆ ಬೋಳು ಬಿಟ್ರೆ ನೋಡ್ದೋರು ಏನಂತಾರೆ?"

"ಇರೋದೇ ಒಂದು ಅತ್ತೆ."

ಅತ್ತೆ ಕಡ್ಡಿ ಹಿಡಿದುಕೊಂಡೇ ತನ್ನ ಚಿತ್ರವನ್ನು ನೋಡಿದಳು. ಶೋಭಾ ನನ್ನ ಮುಖ ನೋಡಿದಳು. ನಾನು ಕಬ್ಬಿನ ಗಾಣ ನೋಡಿದೆ. ಒಂದು ತಿಂಗಳು ನೆಲದ ಮೇಲೆ ಬರೆದ ನಾಲ್ಕು ಅಂಕ ಅವಳ ಕೈಬಿಟ್ಟಿತ್ತು.

"ಇರ್ಲಿ. ಇನ್ನೊಂದೈತಲ್ಲ" ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ಇಡೀ ವರ್ಷ ಆ ಕೊನೆಯ ಪ್ರಶ್ನೆಯ ಮೇಲೆ ನಿಂತಿತ್ತು.

ಪ್ರಶ್ನೆ ಹೀಗಿತ್ತು. ಒಂದು ಮಗುವಿಗೆ ಕಾಲು, ಮುಖ ಊದಿಕೊಂಡಿದೆ. ಇನ್ನೊಂದು ಮಗು ಒಣಗಿ ಎಲುಬಿಗೆ ಚರ್ಮ ಅಂಟಿದೆ. ಯಾರಿಗೆ ಯಾವ ರೋಗ? ಏನು ಆಹಾರ ಕೊಡಬೇಕು? ಊದಿದ ಮಗುವಿಗೆ ಮರಾಸ್ಮಸ್, ಒಣಗಿದ್ದಕ್ಕೆ ಕ್ವಾಷಿಯೋರ್ಕರ್ ಎಂದು ಶೋಭಾ ಬರೆದಿದ್ದಳು. ನಾನೂ ಹಾಗೇ ಬರೆದಿದ್ದೆ. ನಾಗವೇಣಿಯೂ ಹಾಗೇ. ಒಟ್ಟಿಗೆ ಕೂತು ಉರು ಹೊಡೆದವರು ತಪ್ಪನ್ನೂ ಒಟ್ಟಿಗೇ ಮಾಡುತ್ತಾರೆ ಎಂಬುದು ಆಗ ಗೊತ್ತಿರಲಿಲ್ಲ.

"ನಾನು ಉಲ್ಟಾ ಬರ್ದಿದೀನಿ" ಎಂದಳು ಅತ್ತೆ.

"ಹೋಯ್ತಲ್ಲತ್ತೆ" ಎಂದಳು ಶೋಭಾ, ನಿಜವಾದ ಮರುಕದಿಂದ. "ನಾವು ಮೂರೂ ಜನ ಒಂದೇ ಬರ್ದಿದೀವಿ."

"ನೂರ್ ಜನ ಬರೀರಿ. ಊದ್ಕೊಂಡಿರೋದು ಕ್ವಾಷಿಯೋರ್ಕರ್ರು ಕಣ್ರಮ್ಮ. ಕಾಲ್ನ ಹೆಬ್ಬೆಟ್ಟಿನಾಗೆ ಒತ್ತಿದ್ರೆ ಗುಂಡಿ ಬೀಳ್ತದೆ. ಬಿದ್ದ ಗುಂಡಿ ಬಿರ್ರನೆ ಮೇಲಕ್ಕೆ ಬರಾಕಿಲ್ಲ. ಮೊಟ್ಟೆ, ಬೇಳೆ, ಕಡ್ಲೇಕಾಯಿ ತಿನ್ನಿಸ್ಬೇಕು."

"ಪುಸ್ತಕದಾಗೆ ಗುಂಡಿ ವಿಷ್ಯಾನೇ ಇಲ್ಲ" ಎಂದಳು ಶೋಭಾ.

"ಪುಸ್ತಕ ಬರ್ದೋನು ಒತ್ತಿರಾಕಿಲ್ಲ. ನಾನು ಒತ್ತಿದೀನಿ. ನಮ್ಮ ಅಂಗನವಾಡಿಗೆ ಬತ್ತಿತ್ತು ಒಂದು ಮಗು."

ಶೋಭಾ ಚೀಲದಿಂದ ಪುಸ್ತಕ ತೆಗೆದಳು. ನಾಲ್ಕು ತಲೆ ಒಂದು ಪುಟದ ಮೇಲೆ ಬಗ್ಗಿದವು, ಕಬ್ಬಿನ ಹಾಲಿನವನದು ಐದನೆಯದು. ಅತ್ತೆ ಬರೆದದ್ದೇ ಸರಿ! ಎಂಟು ಸಲ ಕೂತವಳು ಗೆದ್ದಿದ್ದಳು, ಕ್ಲಾಸಿಗೆ ಮೊದಲು ಬರುವವಳು ಸೋತಿದ್ದಳು. ಶೋಭಾ ಅಲ್ಲೇ ಅಳುವುದಕ್ಕೆ ಶುರು ಮಾಡಿದಳು. ಅತ್ತೆ ಅವಳ ತಲೆ ಸವರಿ, "ಅಳ್ಬೇಡ ಕಣಮ್ಮ. ಒಂದ್ಸಲ ತಪ್ಪಾದ್ರೆ ಏನಾಯ್ತದೆ? ನನ್ನ ನೋಡು" ಎಂದು ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದಳು. ಲೆಕ್ಕ ಇಪ್ಪತ್ತಕ್ಕೆ ಬಂದು ನಿಂತಿತ್ತು, ಒಂದು ಅಂಕ ಅತ್ತಿತ್ತ ಆಗುವಂತಿಲ್ಲ.

ಫಲಿತಾಂಶದ ದಿನ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ಸಂತೆಯಷ್ಟು ಜನ. ಅತ್ತೆ ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಪರದೆ ಬಿಚ್ಚಿಕೊಳ್ಳುವಷ್ಟರಲ್ಲಿ ನನ್ನ ಕೈಯನ್ನು ಹಿಂಡಿ ಹಿಪ್ಪೆ ಮಾಡಿದಳು. ಸೈನ್ಸಿನ ಮುಂದೆ ಮೂವತ್ತೇಳು ಎಂದಿತ್ತು. ಪಾಸು!

"ಎಲ್ಡು ಜಾಸ್ತಿ ಎಲ್ಲಿಂದ ಬಂತು?" ಎಂದು ಅತ್ತೆ ಆ ಗಲಾಟೆಯಲ್ಲೂ ಬೆರಳು ಮಡಚತೊಡಗಿದಳು. ಸ್ವಲ್ಪ ಹೊತ್ತಿಗೆ ಮುಖ ಅರಳಿತು. "ಗುಂಡಿಗೆ ಚಿತ್ರ ಒಂದ್ ಕಡೆ ಸರೀಗಿತ್ತಲ್ಲ ಕಣೆ. ಸರೀಗಿದ್ದ ಕಡೆಗೆ ಹಾಕವ್ರೆ."

ಪಾಸಾದ ಮೇಲೂ ಹುದ್ದೆ ಸಿಗಲು ಎರಡು ವರ್ಷ ಹಿಡಿಯಿತು. ಟೀಚರಾದ ಸುದ್ದಿ ಬಂದಾಗ ನಾನು ಹಾಸ್ಟೆಲಿನಲ್ಲಿದ್ದುಕೊಂಡು ಇಂಟರ್, ಎಂದರೆ ಪಿಯುಸಿ, ಎರಡನೇ ವರ್ಷ ಓದುತ್ತಿದ್ದೆ. ರಜೆ ಸಿಕ್ಕಿದ್ದೇ ಕಲ್ಯಾಣದುರ್ಗಕ್ಕೆ ಹೋಗಿ, ಮರುದಿನ ಬೆಳಿಗ್ಗೆ ಅವಳ ಜೊತೆ ಅಂಗನವಾಡಿಗೆ ಹೋದೆ. ಬಾಗಿಲ ಮುಂದೆ ಹಿಂದಿನ ದಿನ ಹಾಕಿದ ರಂಗೋಲಿ ಇತ್ತು. ಹೃದಯವೇ. ಮಹಾಪಧಮನಿ ಒಂದೇ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಆಗ ಹಾಕ್ತಿದ್ದ ಹೃದಯ ತಪ್ಪು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಮೂರನೇ ದಿನಾನೇ. ಹೇಳ್ಲಿಲ್ಲ."

ಬೈಯುತ್ತಾಳೆಂದುಕೊಂಡೆ. ಅವಳು ಬೀಗ ತೆಗೆಯುತ್ತಿದ್ದವಳು ಹಾಗೇ ನಿಂತಳು.

"ನಾನೂ ಒಂದ್ಸಲ ಹೇಳ್ಲಿಲ್ಲ ಕಣೆ" ಎಂದಳು. "ಕಾಲು ಊದಿತ್ತು ಅಂದ್ನಲ್ಲ, ಆ ಮಗು. ಒತ್ತಿದ್ರೆ ಗುಂಡಿ ಬಿತ್ತು. ನಂಗೆ ಅನುಮಾನ ಬಂತು, ಆಗಿದ್ದ ಟೀಚರಿಗೆ ಹೇಳ್ದೆ. ಮೈ ಕೈ ತುಂಬ್ಕೊಂಡವ್ನೆ, ಆಯಾಗೇನು ಗೊತ್ತಾಯ್ತದೆ ಅಂದ್ರು. ಅಂದಿದ್ದಕ್ಕೆ ಸುಮ್ನಾದೆ. ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬೇಕಿತ್ತು. ಹೇಳ್ಲಿಲ್ಲ. ಮಗು ಉಳೀಲಿಲ್ಲ. ಆ ವರ್ಷಾನೇ ನಾನು ಮತ್ತೆ ಪರೀಕ್ಷೆ ಕಟ್ಟಿದ್ದು."

ಏಳು ಮಾರ್ಚ್ ತಿಂಗಳು ಇದಕ್ಕೇ ನಾವು ನಕ್ಕಿದ್ದು. ನಾನು ಅವಳ ಕೈಯಿಂದ ಬೀಗದಕೈ ತೆಗೆದುಕೊಂಡು ಬಾಗಿಲು ತೆರೆದೆ.

ಅಷ್ಟರಲ್ಲಿ ಮಕ್ಕಳು ಬಂದವು. ಯಾರೂ ಹೇಳದೆಯೇ ಗೋಡೆಗೆ ಒರಗಿ ಸಾಲಾಗಿ ಕೂತು ಕಾಲು ಚಾಚಿದವು. ಅತ್ತೆ ಒಬ್ಬೊಬ್ಬರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಹೆಬ್ಬೆಟ್ಟಿನಿಂದ ಪಾದ ಒತ್ತುತ್ತಿದ್ದಳು. ಒತ್ತಿದ ಜಾಗ ಮೇಲೆ ಬರುವವರೆಗೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದಳು. ಬಂದ ಕೂಡಲೇ "ಪಾಸು" ಎನ್ನುತ್ತಿದ್ದಳು. ಮಗು ಕಿಲಕಿಲ ನಕ್ಕು ಒಳಗೆ ಓಡುತ್ತಿತ್ತು. ಅವಕ್ಕೆ ಅದು ದಿನದ ಆಟ.

ಸಾಲು ಮುಗಿಯಿತು. ಅತ್ತೆ ತಿರುಗಿ ನನ್ನನ್ನು ನೋಡಿದಳು.

"ಹಾಸ್ಟೆಲ್ ಊಟ ತಿಂದು ಹೆಂಗಿದೀಯೋ ಏನೋ. ನೀನೂ ಕೂತ್ಕೊ, ಚಾಚು ಕಾಲು" ಎಂದಳು.

ಕೂತೆ. ಅವಳ ಹೆಬ್ಬೆಟ್ಟು ನನ್ನ ಪಾದದ ಮೇಲೆ ಒತ್ತಿ ನಿಂತಿತು, ಆಮೇಲೆ ಮೆಲ್ಲಗೆ ಎದ್ದಿತು. ನಾವಿಬ್ಬರೂ ತಲೆ ಬಗ್ಗಿಸಿ ಆ ಜಾಗವನ್ನೇ ನೋಡುತ್ತಾ ಕಾದೆವು.

"ಪಾಸು" ಎಂದಳು ಅತ್ತೆ.