ಡೈರೆಕ್ಟರು ಅಂತಲೇ ಬರೆಯಿರಿ

ಜಗತ್ತಿನ ಅತಿ ದೊಡ್ಡ ಸಿನಿಮಾ ನಿರ್ದೇಶಕ ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ, ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾವೂ ನಂಬಿರಲಿಲ್ಲ, ಅವನೊಬ್ಬನೇ ನಂಬಿದ್ದ. ಅವನು ಇನ್ನೂ ಒಂದೂ ಸಿನಿಮಾ ಮಾಡಿರಲಿಲ್ಲ, ನಿಜ. ಅದೊಂದು ದೊಡ್ಡ ಕೊರತೆಯೇ? ಊರು ಕೀನ್ಯಾದ ಮೊಂಬಾಸಾ. ಹಿಂದಿ ಕಲಿತದ್ದು ಅಲ್ಲಿನ ಟಾಕೀಸುಗಳಲ್ಲಿ. ಹಾಗಾಗಿ ಊಟಕ್ಕೆ ಕೂತು ಉಪ್ಪು ಕೇಳಿದರೂ ಖಳನಾಯಕನಿಗೆ ಸವಾಲು ಹಾಕಿದ ಹಾಗಿರುತ್ತಿತ್ತು!

ನಟನೆಯ ಅನುಭವವೂ ಇತ್ತು. ಪರದೇಶದವರು ಅವನ ಊರಿಗೆ ಬಂದು ತೆಗೆದ ಒಂದು ಚಿತ್ರದ ಕ್ಯಾಸೆಟ್ ಹಾಕಿ ತೋರಿಸಿದ. ನಾಯಕನ ಹಿಂದೆ ಪೆಟ್ಟಿಗೆ ಹೊರುವವರ ಸಾಲು. "ನೋಡಿ, ಈಗ!" ಎಂದ. ನಮಗೆ ಕಂಡದ್ದು ಒಂದು ಮೊಣಕೈ.

"ಇದು ನಿನ್ನದೇ ಅಂತ ಹೇಗೆ ಗೊತ್ತು ಮಾರಾಯ?"

"ಬೇರೆ ಯಾರ ಮೊಣಕೈಯಲ್ಲಿ ಇಷ್ಟು ಭಾವ ಇದೆ ಭಾಯಿ?"

ಆದರೆ ಇನ್ನು ಪೆಟ್ಟಿಗೆ ಹೊರುವ ಪಾತ್ರ ಮಾಡುವುದಿಲ್ಲ ಎಂದು ಶಪಥ ಮಾಡಿದ್ದ. ನಮ್ಮ ತುಳು ಸಂಘದವರು ನಾಟಕದ ರಾಕ್ಷಸನ ಪಾತ್ರಕ್ಕೆ ಕರೆದಾಗ, "ಕಪ್ಪು ಬಣ್ಣ ಬಳಿಯುವ ಕೆಲಸ ಉಳಿಯಿತು ಅಂತಲಾ?" ಎಂದು ನೇರವಾಗಿ ಕೇಳಿದ. ಕಾರ್ಯದರ್ಶಿಗೆ ಕೆಮ್ಮು ಬಂತು. ನನಗೂ ಬಂತು, ಅವನ ಹೆಸರು ಸೂಚಿಸಿದವನು ನಾನೇ!

ಹೊಟ್ಟೆಪಾಡಿಗೆ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಒಂದು ಕೊಂಕಣಿ ಕ್ರಿಶ್ಚಿಯನ್ನರ ಮನೆಯಲ್ಲಿ ರೋಸ್, ಅಂದರೆ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. "ಕಟ್! ಸೋದರತ್ತೆಯವರ ಮುಖದಲ್ಲಿ ದುಃಖ ಸಾಲದು, ಇನ್ನೊಮ್ಮೆ!" ಎಂದು ಮೂರು ಸಲ ಹಚ್ಚಿಸಿದ. ಎ.ಸಿ. ಕೆಳಗೆ ಕೂತ ಹುಡುಗಿ ಗಡಗಡ ನಡುಗುತ್ತಿದ್ದಳು.

"ಇವಳಿಗೆ ಜ್ವರ ಬಂದ್ರೆ ನಾಳೆ ಇಗರ್ಜಿಯಲ್ಲಿ ನೀನು ನಿಲ್ತೀಯಾ?" ಎಂದು ಸೋದರತ್ತೆ ರೇಗಿದರು.

"ಪಾತ್ರ ಒಳ್ಳೆಯದಿದ್ದರೆ ಖಂಡಿತ!"

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆಫೀಸು ಖಲಾಸ್, ನಮಗೆ ವೀಸಾ ಕೊಟ್ಟ ಕಫೀಲ್ ನಾಪತ್ತೆ. ಊರವರೆಲ್ಲ ಸೇರಿ ಜೋರ್ಡಾನ್ ಗಡಿಗೆ ಒಂದು ಬಸ್ಸು ಗೊತ್ತುಮಾಡಿದೆವು. ದಾರಿಯಲ್ಲಿ ಸೈನಿಕರಿಗೆ ತೋರಿಸಲು ಹೋಟೆಲಿನ ಶೆಟ್ರು ಎಲ್ಲರ ಹೆಸರು, ಉದ್ಯೋಗ ಪಟ್ಟಿ ಮಾಡುತ್ತಿದ್ದರು.

"ಇವನದ್ದು ಕುಕ್ ಅಂತ ಹಾಕುವ. ಯಾರೂ ಕೇಳುದಿಲ್ಲ," ಎಂದರು.

"ಡೈರೆಕ್ಟರು ಅಂತಲೇ ಬರೆಯಿರಿ," ಎಂದ ನಮ್ಮವನು.

"ನಿನಗೆ ಎಂತ ಮರ್ಲಾ? ಕ್ಯಾಮೆರಾದವ ಅಂತ ಗೊತ್ತಾದ್ರೆ ಬಸ್ಸಿಂದ ಇಳಿಸ್ತಾರೆ!"

"ಇಳಿಸಲಿ. ಇಳಿಯುವವನು ಡೈರೆಕ್ಟರೇ ಆಗಿರಲಿ."

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನನ್ನು ಬಿಟ್ಟು ಹೋಗುವುದೆಂತು? ಶೆಟ್ರ ಕೈಯಿಂದ ಪೆನ್ನು ಕಿತ್ತುಕೊಂಡು ನಾನೇ ಬರೆದೆ: ಸಿನಿಮಾ ಡೈರೆಕ್ಟರ್. ಆದದ್ದಾಗಲಿ!

ಆಗಿಯೇ ಹೋಯಿತು. ಬಸ್ರಾ ದಾಟಿದ ಮೇಲೆ ಒಬ್ಬ ಸೈನಿಕ ಪಟ್ಟಿ ಓದಿದವನೇ ಅವನನ್ನು ಕೆಳಗಿಳಿಸಿ ಕ್ಯಾಮೆರಾ ಕಿತ್ತುಕೊಂಡ. ಬದುಕಿದೆ ಎಂದು ಮಾರಾಯ ಸುಮ್ಮನೆ ಹತ್ತಿ ಬರಬೇಡವೇ? ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು, ಕೋವಿ ಹಿಡಿದವನಿಗೇ ಲೆನ್ಸು ಒರೆಸುವುದು ಹೇಗೆಂದು ಪಾಠ ಮಾಡಿದ! ಸೈನಿಕ ತಬ್ಬಿಬ್ಬಾಗಿ ಬಟ್ಟೆ ತೆಗೆದುಕೊಂಡು "ಯಲ್ಲಾ" ಎಂದು ಅವನನ್ನು ಬಸ್ಸು ಹತ್ತಿಸಿ ಕಳಿಸಿದ.

ಗಡಿಯ ಶಿಬಿರದ ಡೇರೆಯಲ್ಲಿ ಎರಡು ದಿನ ಅವನು ಕ್ಯಾಮೆರಾದ ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಅದನ್ನು ನೋಡಲಾಗದೆ ಕೇಳಿದೆ: "ನೀನು ಮಾಡಬೇಕೂಂತ ಇರುವ ಸಿನಿಮಾದಲ್ಲಿ ಎಂತ ಉಂಟು?" ಎರಡು ವರ್ಷ ಒಟ್ಟಿಗಿದ್ದು ಒಂದು ದಿನವೂ ಇದನ್ನು ಕೇಳಿರಲಿಲ್ಲ. ನಕ್ಕಿದ್ದೆ, ಅಷ್ಟೆ.

ಅವನು ಹೇಳತೊಡಗಿದ: ಮೊಂಬಾಸಾದ ದೋಣಿ ಕಡವಿನಲ್ಲಿ ಒಬ್ಬ ಹೆಂಗಸು ಚಹಾ ಮಾರುತ್ತಾಳೆ. ದಿನಾ ಪೊಲೀಸರು ಅಂಗಡಿ ಎತ್ತಿಸುತ್ತಾರೆ, ದಿನಾ ಅವಳು ಮತ್ತೆ ಅಲ್ಲೇ ತಂದಿಡುತ್ತಾಳೆ.

"ಅವಳ ಪಾತ್ರ ಯಾರು ಮಾಡುದು?"

"ನನ್ನ ಅಮ್ಮ. ಅವಳಿಗೆ ನಟಿಸಲು ಬರುವುದಿಲ್ಲ, ಅದಕ್ಕೇ."

ಹೇಳುತ್ತಾ ಎದ್ದು ನಿಂತ. ಪೊಲೀಸನಾದ, ಅಮ್ಮನಾದ, ಕುದಿಯುವ ಕೆಟಲೂ ಆದ! ಅಕ್ಕಪಕ್ಕದ ಡೇರೆಯವರು ಬಂದು ಕೂತರು. ಇವನು ನಿಜಕ್ಕೂ ದೊಡ್ಡ ನಟ. ಇಷ್ಟು ಕಾಲ ಅದು ನನಗೆ ಕಾಣಲಿಲ್ಲವಲ್ಲ ಎಂದು ಅಳು ಬಂತು.

ಆಗಲೇ ಬೊಂಬಾಯಿ ವಿಮಾನಕ್ಕೆ ಹೋಗುವವರ ಹೆಸರುಗಳನ್ನು ಮೈಕಿನಲ್ಲಿ ಕೂಗತೊಡಗಿದರು. ನನ್ನ ಹೆಸರೂ ಬಂತು. ಇದು ತಪ್ಪಿದರೆ ಮತ್ತೆ ಯಾವಾಗಲೋ. ಶೆಟ್ರು ಓಡಿ ಬಂದು ನನ್ನ ತೋಳು ಹಿಡಿದೆಳೆದರು.

"ಏಳು ಮಾರಾಯ, ನಿನ್ನನ್ನು ಕರೀತಿದ್ದಾರೆ!"

ಅವನ ಕಥೆಯಲ್ಲಿ ಪೊಲೀಸರು ಕೊನೆಯ ಸಲ ಆ ಹೆಂಗಸಿನ ಕಡೆಗೆ ಬರುತ್ತಿದ್ದರು.

"ನೀವು ಹೋಗಿ ಶೆಟ್ರೇ," ಎಂದೆ. "ಸಿನಿಮಾ ಮುಗೀಲಿಲ್ಲ."