ರೈನೋ ಡ್ಯಾನ್ಯೂಬೋ ಎಂದು ತೆಂಗಿನಕಾಯಿಯನ್ನು ಕೇಳಿದ ಬಗ್ಗೆ

ಇಂದ,
ಸದಾಶಿವಪ್ಪ ಬಿ.,
ಪಂಪ್‌ಸೆಟ್ ವಿತರಕರು (ಅಂಗಡಿ ಮುಂದೆ, ಮನೆ ಹಿಂದೆ),
ಬಸ್‌ಸ್ಟ್ಯಾಂಡ್ ಎದುರು, ಆನವಟ್ಟಿ,
ಸೊರಬ ತಾಲ್ಲೂಕು.

ಗೆ,
ಮಾರಾಟ ವ್ಯವಸ್ಥಾಪಕರು,
ಚಿಲುಮೆ ಪಂಪ್‌ಸೆಟ್ ಕಂಪನಿ, ಹುಬ್ಬಳ್ಳಿ.

ದಿನಾಂಕ: 14-6-1996

ವಿಷಯ: ಬಹುಮಾನದ ಯುರೋಪ್ ನದಿಯಾನಕ್ಕೆ ನನ್ನ ಹೆಂಡತಿ ನನ್ನನ್ನು ಬಿಟ್ಟು ಹೊರಟಿರುವ ಬಗ್ಗೆ, ಹಾಗೂ ನನ್ನನ್ನೂ ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ: 1. ತಮ್ಮ ಅಭಿನಂದನಾ ಪತ್ರ, ದಿನಾಂಕ 27-5-1996.
2. ಶ್ರೀಮತಿ ನೀಲಾಂಬಿಕ ಅವರ ಮೌಖಿಕ ಆದೇಶ, ಅಡುಗೆಮನೆ, ದಿನಾಂಕ 12-6-1996.

ಮಾನ್ಯರೇ,

ಉಲ್ಲೇಖ ಒಂದರಿಂದ ಸಂತೋಷವೂ ಉಲ್ಲೇಖ ಎರಡರಿಂದ ಸಂಕಟವೂ ಉಂಟಾಗಿರುವ ಕಾರಣ, ನಡೆದದ್ದನ್ನು ನಡೆದ ಹಾಗೆಯೇ ತಮ್ಮ ಮುಂದೆ ಇಡುತ್ತಿದ್ದೇನೆ.

1. ನಾನು ಕಳೆದ ಸಾಲಿನಲ್ಲಿ ಜಿಲ್ಲೆಗೇ ಹೆಚ್ಚು ಪಂಪ್‌ಸೆಟ್ ಮಾರಿದ ಕಾರಣ, ಯುರೋಪಿನಲ್ಲಿ ಇಬ್ಬರಿಗೆ ಎಂಟು ದಿನದ ಹಡಗು ಪ್ರಯಾಣ ಎಂದು ತಿಳಿಸಿದ್ದೀರಿ. ರೈನ್ ಮತ್ತು ಡ್ಯಾನ್ಯೂಬ್ ಎಂಬ ಎರಡು ಹೊಳೆಗಳಲ್ಲಿ ಒಂದನ್ನು ಆರಿಸಿ, ಹೋಗುವ ಇಬ್ಬರ ಹೆಸರು ತುಂಬಿ ಫಾರಂ ಕಳಿಸಬೇಕೆಂದೂ ಸೂಚಿಸಿದ್ದೀರಿ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

2. ಹೊಳೆ ಆರಿಸುವುದು ಹುಡುಗಾಟವೇ? ನನ್ನದು ನೀರೆತ್ತುವ ಕಸುಬು. ನಾಳೆ ಹೋಗಿ ತಪ್ಪು ಹೊಳೆಯಲ್ಲಿ ಕೂತೆನೆಂದರೆ ಊರಿನಲ್ಲಿ ಮರ್ಯಾದೆ ಉಳಿದೀತೇ? ಆದ್ದರಿಂದ ಹೈಸ್ಕೂಲಿನ ಭೂಗೋಳದ ಮೇಷ್ಟ್ರು ಶಿವಮೂರ್ತಪ್ಪನವರನ್ನು ವಿಚಾರಿಸಲಾಗಿ, "ರೈನ್ ಎರಡು ಮಾರ್ಕಿನ ಪ್ರಶ್ನೆ ರೀ, ಡ್ಯಾನ್ಯೂಬ್ ಐದು ಮಾರ್ಕಿಂದು. ಐದರದ್ದೇ ನೋಡಿ ಬರ್ರಿ" ಎಂದರು. ಶಿಕಾರಿಪುರದ ಬಸ್ಸಿನ ಕಂಡಕ್ಟರ್ ಮಹಾಂತೇಶ್ ಅವರನ್ನು ವಿಚಾರಿಸಲಾಗಿ, "ಸ್ಟಾಪು ಜಾಸ್ತಿ ಇರೋದು ಬ್ಯಾಡ್ರಿ, ಎಲ್ಲಾ ಕಡೆ ಹತ್ತಿ ಹತ್ತಿ ಸೀಟೇ ಸಿಗಂಗಿಲ್ಲ" ಎಂದರು. ಸ್ಟಾಪು ಜಾಸ್ತಿ ಇರುವುದು ಡ್ಯಾನ್ಯೂಬಿಗೆ. ಕಾರಣ, ಒಬ್ಬರ ಸಲಹೆಗೆ ಇನ್ನೊಬ್ಬರ ಸಲಹೆ ವಜಾ ಆಯಿತು. ಹೀಗೆ ಹದಿನೈದು ದಿನ ಕಳೆಯಿತು.

3. ನಮ್ಮ ಕಡೆ ಬೋರ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗುವವರಿದ್ದಾರೆ. ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತದೆ. ಕಾಯಿ ಏಳದೆ ಬೋರ್ ಇಲ್ಲ, ಬೋರ್ ಇಲ್ಲದೆ ಪಂಪ್ ಇಲ್ಲ. ತಮ್ಮ ಕಂಪನಿ ಈ ತಾಲ್ಲೂಕಿನಲ್ಲಿ ನಿಂತಿರುವುದೇ ಆ ಕಾಯಿಯ ಮೇಲೆ ಎಂದರೆ ತಾವು ಬೇಸರ ಮಾಡಿಕೊಳ್ಳಬಾರದು. ಆದ್ದರಿಂದ ಕುರಿ ಸಾಕಿಕೊಂಡು ಬಿಡುವಿನಲ್ಲಿ ನೀರು ನೋಡುವ ಚಿಕ್ಕಬೀರಪ್ಪ ಎಂಬುವರನ್ನು 12ನೇ ತಾರೀಖು ಅಂಗಡಿಗೆ ಕರೆಸಿ, ಮೇಷ್ಟ್ರಿಂದ ಎರವಲು ತಂದ ಯುರೋಪ್ ನಕ್ಷೆಯನ್ನು ನೆಲಕ್ಕೆ ಹಾಸಲಾಯಿತು.

4. "ಕಾಗದದಾಗೆ ನೀರು ಹೆಂಗ್ ಸಿಗ್ತೈತ್ರಿ ಯಜಮಾನ್ರೆ?" ಎಂದು ಚಿಕ್ಕಬೀರಪ್ಪ ಮೊದಲು ಆಕ್ಷೇಪಿಸಿದರು. "ಹೊಲ ಅಂತ ತಿಳ್ಕಂಡು ನಡಿಯೋ ಮಾರಾಯ" ಎಂದೆ. ಚಪ್ಪಲಿ ಬಿಟ್ಟು, ಕೈಮುಗಿದು, ನಡೆದರು. ರೈನ್ ಮೇಲೆ ಕಾಯಿ ಮಲಗಿತ್ತು. ಡ್ಯಾನ್ಯೂಬ್ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮಲಗಿಯೇ ಇತ್ತು. ಸಮುದ್ರಕ್ಕೆ ಕಾಲಿಟ್ಟರೂ ಅಲುಗಲಿಲ್ಲ. "ಉಪ್ಪುನೀರು ನಮ್ ಕಾಯಿಗೆ ತಿಳಿಯಂಗಿಲ್ರಿ" ಎಂದು ಹೇಳುತ್ತಾ ಅವರು ನಕ್ಷೆ ದಾಟಿ, ಮನೆಯೊಳಗೆ ಹೋಗುವ ಬಾಗಿಲ ಹತ್ತಿರ ಬಂದರು. ಅಲ್ಲಿ ಕಾಯಿ ಜುಟ್ಟು ಮೇಲೆ ಮಾಡಿಕೊಂಡು ನೆಟ್ಟಗೆ ಎದ್ದು ನಿಂತಿತು!

5. "ಇಲ್ಲೈತ್ರಿ ನೀರು! ಬಾಳ ಮ್ಯಾಲೇ ಐತಿ!" ಎಂದು ಚಿಕ್ಕಬೀರಪ್ಪ ಕೂಗಿದರು. ಬಾಗಿಲಲ್ಲಿ ನನ್ನ ಹೆಂಡತಿ ನೀಲಾಂಬಿಕ ಅವರು ಚಹಾದ ಲೋಟ ಹಿಡಿದು ನಿಂತಿದ್ದರು. ಕಣ್ಣು ತುಂಬಿ ಬಂದಿತ್ತು. ಚಹಾದ ಹಬೆ ಇರಬೇಕೆಂದು ನಾನು ಅಂದುಕೊಂಡೆ. ಹಬೆಯಲ್ಲ ಎಂಬುದು ಲೋಟವನ್ನು ಅವರು ಮೇಜಿಗೆ ಕುಕ್ಕಿದಾಗ ಮನದಟ್ಟಾಯಿತು.

6. ಸದರಿಯವರು ಒಳಗೆ ಹೋದ ಮೇಲೆ ಹಿಂದೆಯೇ ಹೋಗಿ ಕಾರಣ ಕೇಳಲಾಗಿ, ಈ ಕೆಳಗಿನಂತೆ ಹೇಳಿದರು: "ಮೇಷ್ಟ್ರನ್ನ ಕೇಳಿದ್ರಿ. ಕಂಡಕ್ಟರನ್ನ ಕೇಳಿದ್ರಿ. ಈಗ ತೆಂಗಿನಕಾಯಿನೂ ಕೇಳಿದ್ರಿ! ನನ್ನನ್ನ ಒಂದ್ ಮಾತು ಕೇಳಿದ್ರೇನ್ರೀ? ಇಪ್ಪತ್ನಾಲ್ಕು ವರ್ಷದಾಗೆ ನಾನು ಆ ಕಾಯಿಗಿಂತ ಕಡಿಮೆ ಆದ್ನಾ? ನಾನು ತುಂಗಕ್ಕನ್ನ ಕರ್ಕಂಡು ಹೋಗ್ತೀನಿ. ನೀವು ಕಾಯಿ ಜೊತೆ ಇರ್ರಿ." ತುಂಗಮ್ಮ ಎಂಬುವರು ಅವರ ಅಕ್ಕ, ವಾಸ ಶಿಕಾರಿಪುರ. ಅನಂತರ ಸದರಿಯವರು ನನ್ನ ಜೇಬಿನ ಪೆನ್ನನ್ನೇ ಕಿತ್ತುಕೊಂಡು ಫಾರಂ ತುಂಬಿದರು. ಮರುದಿನ ಪೋಸ್ಟಾಫೀಸಿನ ದಿಕ್ಕಿಗೆ ಹೋದದ್ದನ್ನು ಖುದ್ದು ನೋಡಿದ್ದೇನೆ. ಕಾರಣ, ಫಾರಂ ಇಷ್ಟರಲ್ಲಿ ತಮಗೆ ತಲುಪಿರಬೇಕು.

7. ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಮದುವೆಯಾದ ಹೊಸತರಲ್ಲಿ ಬಳ್ಳಿಗಾವಿಯ ದೇವಸ್ಥಾನ ತೋರಿಸುತ್ತೇನೆಂದು ಅವರನ್ನು ಕರೆದುಕೊಂಡು ಹೋಗಿ, ಗಿರಾಕಿಯೊಬ್ಬರ ಪಂಪ್ ನಿಂತಿದೆ ಎಂದು ತಿಳಿದು, ಅವರನ್ನು ಮೆಟ್ಟಿಲ ಮೇಲೆ ಕೂರಿಸಿ, "ಹತ್ತು ನಿಮಿಷ" ಎಂದು ಹೇಳಿ, ಫುಟ್‌ವಾಲ್ವ್ ಬಿಚ್ಚಿ ಕಟ್ಟಿ ಸಂಜೆಗೆ ವಾಪಸ್ ಬಂದೆ. ಅವರು ಅಲ್ಲೇ ಕೂತಿದ್ದರು. ಅದಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿಲ್ಲ.

8. ಎರಡು ದಿನದಿಂದ ಊಟಕ್ಕೆ ಕರೆಯುತ್ತಿಲ್ಲ. ತಟ್ಟೆಯ ಸದ್ದಾದರೆ ನಾನೇ ಹೋಗಿ ಕೂರಬೇಕು. ನಿಜ ಹೇಳುತ್ತೇನೆ ಸ್ವಾಮಿ, ನನಗೆ ರೈನೂ ಬೇಡ, ಡ್ಯಾನ್ಯೂಬೂ ಬೇಡ, ಅವರ ಪಕ್ಕದ ಸೀಟು ಬೇಕು. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯುತ್ತಾರೋ ನನಗೆ ಗೊತ್ತಿಲ್ಲ.

ಆದ್ದರಿಂದ ಹಾಗೂ ಮೇಲಿನ ಎಲ್ಲಾ ಕಾರಣಗಳಿಂದ, ಎಂಥ ಹಡಗಿಗಾದರೂ ತಳದ ನೀರು ಹೊರಹಾಕಲು ಪಂಪ್ ಇರಲೇಬೇಕಾಗಿರುವುದರಿಂದ, ಸದರಿ ಪಂಪ್ ನೋಡಿಕೊಳ್ಳುವ ಮೂರನೆಯವನಾಗಿ ನನ್ನನ್ನು ಅದೇ ಹಡಗಿಗೆ ಹತ್ತಿಸಬೇಕಾಗಿ ವಿನಂತಿ. ಊಟ ತಿಂಡಿ ತಮಗೆ ಹೊರೆಯಲ್ಲ, ಖಡಕ್ ರೊಟ್ಟಿ ತರುತ್ತೇನೆ. ಪಂಪ್ ಕೆಟ್ಟರೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೆಳಗಿರುವುದಿಲ್ಲ ಎಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ.

ತಮ್ಮ ವಿಶ್ವಾಸಿ, ಆದರೆ ಮನೆಯಲ್ಲಿ ವಿಶ್ವಾಸ ಕಳೆದುಕೊಂಡಿರುವ,
ಸದಾಶಿವಪ್ಪ ಬಿ.

ಲಗತ್ತುಗಳು:
1. ತೆಂಗಿನಕಾಯಿ, ಒಂದು, ಜುಟ್ಟು ಸಹಿತ (ಪ್ರತ್ಯೇಕ ಪಾರ್ಸಲ್).
2. ಯುರೋಪ್ ನಕ್ಷೆ, ಚಿಕ್ಕಬೀರಪ್ಪನವರ ಹೆಜ್ಜೆ ಗುರುತು ಸಹಿತ. ನೋಡಿದ ಕೂಡಲೇ ವಾಪಸ್ ಕಳಿಸುವುದು, ಮೇಷ್ಟ್ರು ಕೇಳುತ್ತಿದ್ದಾರೆ.

ಷರಾ:
ಕವರ್ ಅಂಟಿಸಲು ಅನ್ನದ ಅಗುಳು ಬೇಕೆಂದು ಅರ್ಜಿದಾರರು ಇದನ್ನು ಅಡುಗೆಮನೆಯಲ್ಲಿ ಇಟ್ಟು ಹೋಗಿದ್ದರಿಂದ ಓದಿದ್ದೇನೆ. ಲಗತ್ತು ಒಂದನ್ನು ಚಟ್ನಿಗೆ ಬಳಸಲಾಗಿದೆ. ನಾನು ಪೋಸ್ಟಾಫೀಸಿನ ದಿಕ್ಕಿಗೆ ಹೋದದ್ದು ಹಿಟ್ಟಿನ ಗಿರಣಿಗೆ. ಫಾರಂ ರೊಟ್ಟಿ ಹಿಟ್ಟಿನ ಡಬ್ಬಿಯಲ್ಲಿದೆ. ಕುಮುದ್ವತಿಯ ಸೇತುವೆ ದಾಟುವಾಗಲೇ ಕಣ್ಣು ಮುಚ್ಚಿಕೊಳ್ಳುವ ತುಂಗಕ್ಕ ಹಡಗು ಹತ್ತುತ್ತಾಳೆಯೇ? ಎರಡನೇ ಹೆಸರಿನ ಜಾಗ ಖಾಲಿ ಇದೆ. ಹೊಳೆಯನ್ನು ನಾನು ಮೊದಲ ದಿನವೇ ಆರಿಸಿದ್ದೇನೆ, ಯಾವುದೆಂದು ಕೇಳಿದವರಿಗೆ ಹೇಳುತ್ತೇನೆ.

ಅರ್ಜಿದಾರರು ಹುಬ್ಬಳ್ಳಿಯವರೆಗೆ ಕೇಳಿದ್ದಾರೆ, ನನ್ನನ್ನು ಇನ್ನೂ ಕೇಳಿಲ್ಲ. ಆದ್ದರಿಂದ ಅರ್ಜಿಯನ್ನು ತಪ್ಪು ಕಚೇರಿಗೆ ಬರೆಯಲಾಗಿದೆ ಎಂದು ಹಿಂದಿರುಗಿಸಲಾಗಿದೆ. ಸರಿಯಾದ ಕಚೇರಿ ಅಂಗಡಿಯ ಹಿಂದೆ ಇದ್ದು, ಬಾಗಿಲು ತೆರೆದಿದೆ. ತಟ್ಟೆ ಹಾಕಿದೆ.

ಸಹಿ/- ನೀಲಾಂಬಿಕ