ಉಗುರಿನ ಮೇಲೆ ಒಂದು ಹನಿ ಮಜ್ಜಿಗೆ

ಮೊದಲೇ ಪ್ರಮಾಣ ಮಾಡಿ ಹೇಳುತ್ತೇನೆ: ನಾನು ಕುಡಿಯುವುದಿಲ್ಲ. ಕೆಮ್ಮಿನ ಔಷಧಿಯಲ್ಲಿ ಆಲ್ಕೋಹಾಲ್ ಇದೆ ಎಂದು ಗೊತ್ತಾದರೆ ಕೆಮ್ಮನ್ನೇ ಇಟ್ಟುಕೊಳ್ಳುವ ಪೈಕಿ. ಹೀಗಿದ್ದೂ ಭಾವಿ ಮಾವನ ಮನೆಯಲ್ಲಿ ಮಟಮಟ ಮಧ್ಯಾಹ್ನ ಕುಡುಕ ಅನ್ನಿಸಿಕೊಂಡೆ. ಅದಕ್ಕೂ ಪ್ರತಿಭೆ ಬೇಕು!

ಮಾಸ್ಕ್ ಕಳಚಿ ಮನುಷ್ಯರ ಮೂಗು, ಬಾಯಿ ಮತ್ತೆ ಕಾಣತೊಡಗಿದ್ದ ದಿನಗಳು. ನಾನೂ ಅನಘಾಳೂ ಮದುವೆಯಾಗುವುದೆಂದು ನಿರ್ಧರಿಸಿಯಾಗಿತ್ತು. ಬಾಕಿ ಇದ್ದದ್ದು ಅಟ್ಲಾಂಟಾದಲ್ಲಿದ್ದ ಅವಳ ಅಪ್ಪನ ಒಂದೇ ಒಂದು ‘ಹೂಂ’. ಅಲ್ಲಿನ ಕನ್ನಡಿಗರಿಗೆಲ್ಲ ಅವರು ಡಾಕ್ಟರ್ ಅಂಕಲ್. ನಲವತ್ತು ವರ್ಷ ಅಮೆರಿಕದ ಕುಡುಕರ ಲಿವರ್ ನೋಡಿ ನಿವೃತ್ತರಾದವರು. ಯಾರಾದರೂ ನಮಸ್ಕಾರ ಹೇಳಿದರೆ ಮುಖ ನೋಡುವುದಿಲ್ಲ, ಹೊಟ್ಟೆಯ ಬಲಗಡೆ ನೋಡುತ್ತಾರೆ! ಹಿಂದೆ ಬಂದಿದ್ದ ವರನೊಬ್ಬನ ಫೋಟೋದಲ್ಲಿ, ಅವನ ಬೆನ್ನ ಹಿಂದೆ, ಯಾರದೋ ಟೇಬಲ್ಲಿನ ಮೇಲೆ ಬಿಯರ್ ಬಾಟಲಿ ಕಂಡಿತೆಂದು ಸಂಬಂಧವನ್ನೇ ಬೇಡವೆಂದವರು. ಅವರ ಏಕೈಕ ಚಟ ಹಳೆಯ ಇಂಗ್ಲಿಷ್ ಪದಗಳನ್ನು ಕೂಡಿಡುವುದು.

“ನೋಡು, ಅಪ್ಪನ ಮುಂದೆ ಮಿಮಿಕ್ರಿ ಮಾಡ್ಬೇಡ. ಊಟ ಮಾಡು, ಸುಮ್ನೆ ತಲೆ ಆಡ್ಸು, ಎದ್ದು ಬಾ,” ಎಂದು ಅನಘಾ ಫೋನಿನಲ್ಲಿ ಬೇಡಿಕೊಂಡಳು.

“ತಲೆ ಆಡ್ಸೋಕೆ ನಾನೇನು ಡ್ಯಾಶ್‌ಬೋರ್ಡ್ ಬೊಂಬೇನಾ?” ಎಂದೆ, ಅವಳ ಅಪ್ಪನ ದನಿಯಲ್ಲೇ.

ನನ್ನ ಬಳಿ ಯೋಜನೆಯಿತ್ತು. ಅಂಕಲ್ ಹವ್ಯಾಸ ಹಳೆ ಇಂಗ್ಲಿಷ್. ಅಂಕಲ್ ವೃತ್ತಿ ಕುಡುಕರ ಲಿವರ್. ಎರಡನ್ನೂ ಕೂಡಿಸಿದೆ. ಬಂದ ಉತ್ತರ: ಹಳೆ ಇಂಗ್ಲಿಷಿನ ಕುಡಿತದ ಪದಗಳು! ಇಂಥ ಲೆಕ್ಕ ಹಾಕುವ ತಲೆಗೆ ನಾನಿರುವ ಊರಿನ ಬ್ಯಾಲಂಟೈನ್‌ನಲ್ಲಿ ಒಂದು ಆಫೀಸಿನವರು ಸಂಬಳ ಕೊಡುತ್ತಿದ್ದಾರೆ. ವಾರವಿಡೀ ಕಂಠಪಾಠ ಮಾಡಿ, ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆಯ ದಾರಿ ಡ್ರೈವ್ ಮಾಡಿ, ಅಟ್ಲಾಂಟಾದ ಅಂಚಿನ ನಾರ್‌ಕ್ರಾಸ್‌ನಲ್ಲಿ ನಿಲ್ಲಿಸಿ ಮೈಸೂರು ಪಾಕ್ ಕೊಂಡು, ಗೆದ್ದೇ ಬಿಟ್ಟೆ ಎನ್ನುವ ಠೀವಿಯಲ್ಲಿ ಬೆಲ್ ಒತ್ತಿದೆ.

ಊಟಕ್ಕೆ ಎದುರಿಗೆ ಅಂಕಲ್, ಪಕ್ಕದಲ್ಲಿ ಅನಘಾ. ಬಿಸಿಬೇಳೆಬಾತ್ ಮುಗಿಯುವ ತನಕ ಎಲ್ಲ ಸುಸೂತ್ರ. ಆಮೇಲೆ ಅಂಕಲ್ ಕೇಳಿದರು, “ವೀಕೆಂಡ್‌ನಲ್ಲಿ ಏನಪ್ಪಾ ಮಾಡ್ತೀಯ?”

“ಹಳೇ ಇಂಗ್ಲಿಷ್ ವರ್ಡ್ಸ್ ಕಲೆಕ್ಟ್ ಮಾಡ್ತೀನಿ ಅಂಕಲ್.”

ಅವರ ಕಣ್ಣು ಅರಳಿತು. “ಹೌದಾ! ಒಂದು ಹೇಳು ನೋಡೋಣ.”

“ಟಾಸ್‌ಪಾಟ್! ಅಂದ್ರೆ ಮಹಾ ಕುಡುಕ.”

“ಓಹೋ. ಇನ್ನೊಂದು?”

“ಕಪ್‌ಶಾಟನ್! ಕುಡಿದು ತೂರಾಡೋನು.”

“ಕುಡಿಯೋದು ಬಿಟ್ಟು ಬೇರೆ ಯಾವ್ದೂ ಬರಲ್ವಾ?”

“ಬರುತ್ತೆ ಅಂಕಲ್. ಹೀಲ್‌ಟ್ಯಾಪ್. ಲೋಟದ ತಳದಲ್ಲಿ ಉಳಿಯೋ ಗುಟುಕು.”

“ಯಾವ ಲೋಟ?”

“…ವೈನ್ ಲೋಟ.”

ಅಂಕಲ್ ದೃಷ್ಟಿ ನನ್ನ ಮುಖದಿಂದ ಇಳಿದು ಹೊಟ್ಟೆಯ ಬಲಗಡೆ ನಿಂತಿತು. ಆಗ ಆಂಟಿ, ಅಂದರೆ ಅನಘಾಳ ಅಮ್ಮ, ಮಜ್ಜಿಗೆಯ ಜಗ್ಗು ಹಿಡಿದು ಬಂದು ಲೋಟಕ್ಕೆ ಬಗ್ಗಿಸಿದರು. ವಾತಾವರಣ ತಿಳಿಗೊಳಿಸೋಣವೆಂದು, “ಆಂಟಿ, ಆ ಕಾಲದಲ್ಲಿ ನಿಮ್ಮಂಥವ್ರನ್ನ ಸ್ಕಿಂಕರ್ ಅಂತಿದ್ರು,” ಎಂದೆ.

“ಹಾಗಂದ್ರೆ?”

“ಹೆಂಡದಂಗಡೀಲಿ ಬಗ್ಗಿಸಿ ಕೊಡೋರು!”

ಟೇಬಲ್ಲಿನ ಕೆಳಗೆ ಅನಘಾಳ ಒದೆ ಬಿತ್ತು. ಆಂಟಿಯ ನಗು ಇದ್ದಲ್ಲೇ ಹೆಪ್ಪುಗಟ್ಟಿತು. ಇಲ್ಲಿಗೆ ನಿಲ್ಲಿಸಬಹುದಿತ್ತು. ಬುದ್ಧಿವಂತರು ನಿಲ್ಲಿಸುತ್ತಿದ್ದರು!

ನಾನು ಎದ್ದು ನಿಂತು, ಇಂಗ್ಲಿಷ್ ಜಮೀನ್ದಾರನ ಗಡಸು ದನಿ ತೆಗೆದು, ಬ್ರಹ್ಮಾಸ್ತ್ರ ಬಿಟ್ಟೆ: ಸೂಪರ್‌ನ್ಯಾಕುಲಮ್. ಹಳೇ ಕಾಲದ ಕುಡುಕರ ಶಾಸ್ತ್ರ ಅದು. ಲೋಟ ಖಾಲಿ ಮಾಡಿ, ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಬೋರಲು ಹಾಕಬೇಕು. ಮುತ್ತಿನಂತೆ ಒಂದೇ ಹನಿ ನಿಂತರೆ ಪಾಸು. ಹೆಚ್ಚು ಉಳಿದು ಹರಿದರೆ ದಂಡ: ಇನ್ನೊಂದು ತುಂಬು ಲೋಟ.

“ಮಾಡಿ ತೋರ್ಸು,” ಎಂದರು ಅಂಕಲ್, ಓದುವ ಕನ್ನಡಕ ಹಾಕಿಕೊಳ್ಳುತ್ತಾ.

ಗಟಗಟ ಕುಡಿದು ಲೋಟ ಬೋರಲು ಹಾಕಿದೆ. ಉಗುರಿನ ಮೇಲೆ ಬಿದ್ದದ್ದು ಕರಿಬೇವಿನ ಎಲೆ.

ಆ ಶಾಸ್ತ್ರ ಮಾಡಿದವರು ಕುಡಿಯುತ್ತಿದ್ದದ್ದು ಸೋಸಿದ ವೈನ್. ಒಗ್ಗರಣೆ ಹಾಕಿದ ಮಜ್ಜಿಗೆ ಅವರ ಕಲ್ಪನೆಯಲ್ಲೇ ಇರಲಿಲ್ಲ!

“ಫೇಲ್. ಇನ್ನೊಂದು ಹಾಕೇ ಇವನಿಗೆ,” ಎಂದರು ಅಂಕಲ್. ಆಂಟಿ ಸೇಡು ತೀರಿಸಿಕೊಳ್ಳುವ ಉತ್ಸಾಹದಲ್ಲಿ ಅಂಚಿನವರೆಗೆ ಬಗ್ಗಿಸಿದರು. ಎರಡನೆಯದರಲ್ಲಿ ಶುಂಠಿ. ಮೂರನೆಯದರಲ್ಲಿ ಕೊತ್ತಂಬರಿ ದಂಟು. ಆರನೆಯದರಲ್ಲಿ ಉಗುರಿನ ಮೇಲೆ ದುಂಡಗೆ ಏನೋ ನಿಂತಿತು. “ಪಾಸಾ ಅಂಕಲ್?” ಎಂದೆ ಏದುಸಿರು ಬಿಡುತ್ತಾ. ಅವರು ಬಗ್ಗಿ ಪರೀಕ್ಷಿಸಿದರು. “ಇದು ಹನಿ ಅಲ್ಲ. ಸಾಸಿವೆ.”

“ಅಪ್ಪಾ, ಸಾಕು!” ಎಂದಳು ಅನಘಾ.

“ರೂಲ್ ಅವನದ್ದೇ ಅಲ್ವಾ?”

ಹನ್ನೊಂದನೆಯ ಲೋಟಕ್ಕೆ ಜಗ್ಗು ಬರಿದಾಯಿತು. ನಾನು ಸೋಫಾದವರೆಗೆ ನಡೆದದ್ದು ನೆನಪಿದೆ. ನೆಟ್ಟಗೆ ನಡೆದೆನೆಂದು ಹೇಳಲಾರೆ. ನಾಲ್ಕು ಗಂಟೆ ಡ್ರೈವಿಂಗ್, ಎರಡು ತಟ್ಟೆ ಬಿಸಿಬೇಳೆಬಾತ್, ಹನ್ನೊಂದು ಲೋಟ ಮಜ್ಜಿಗೆ. ಬಿದ್ದೆ!

ಅರೆ ಎಚ್ಚರದಲ್ಲಿ ಮಾತು ಕೇಳಿಸಿತು. ಪಕ್ಕದ ಮನೆಯ ಆಂಟಿ ಸತ್ಯನಾರಾಯಣ ಪೂಜೆಯ ಪ್ರಸಾದ ಕೊಡಲು ಬಂದಿದ್ದರು. ನನ್ನ ಗೊರಕೆ ಅವರನ್ನು ಹೊಸಿಲಲ್ಲೇ ತಡೆದಿತ್ತು.

“ಇವ್ರೇನಾ ಹುಡುಗ? ಯಾಕ್ ಹೀಗ್ ಬಿದ್ದಿದ್ದಾರೆ?”

“ಜಾಸ್ತಿ ಕುಡಿದುಬಿಟ್ಟ… ಮಜ್ಜಿಗೆ,” ಎಂದರು ಅನಘಾಳ ಅಮ್ಮ.

“ಅಯ್ಯೋ ಬಿಡಿ, ಈಗಿನ ಹುಡುಗ್ರು ಅದಕ್ಕೆ ಏನೇನೋ ಹೆಸರಿಟ್ಕೊಂಡಿರ್ತಾರೆ!”

ನನ್ನ ಮದುವೆ ಅಲ್ಲಿಗೆ ಮುಗಿಯಿತೆಂದು ಕಣ್ಣು ಮುಚ್ಚಿಯೇ ಮಲಗಿದ್ದೆ. ಆಗ ಅಂಕಲ್ ದನಿ ಬಂತು. “ಅನಘಾ, ಇವನನ್ನ ಮಾಡ್ಕೊಳಮ್ಮ.”

“ಅಪ್ಪಾ! ನಿಜವಾಗ್ಲೂ?”

“ನಲವತ್ತು ವರ್ಷ ಕುಡುಕರನ್ನ ನೋಡಿದೀನಿ. ಅಭ್ಯಾಸ ಇರೋನು ಒಂದೂ ಬಾಯ್ಬಿಡಲ್ಲ. ಇವ್ನು ಕೇಳದೇ ಇದ್ರೂ ಎಲ್ಲಾ ಒದರ್ತಾನೆ. ಮಜ್ಜಿಗೇನೇ ತಡ್ಕೊಳ್ಳಕ್ಕೆ ಆಗ್ದೋನು ಇನ್ನೇನು ಕುಡಿದಾನು? ಲಿವರ್ ಹೊಸಾದೇ ಇರುತ್ತೆ.”

ಹೀಗೆ, ವಾರವಿಡೀ ಕಲಿತ ಪಾಂಡಿತ್ಯದಿಂದ ಸಿಗದ ಹೆಣ್ಣು ಗೊರಕೆಯಿಂದ ಸಿಕ್ಕಿತು. ಮದುವೆಯಾಗಿ ಎರಡು ವರ್ಷವಾಯಿತು. ಅಟ್ಲಾಂಟಾಕ್ಕೆ ಹೋದಾಗಲೆಲ್ಲ ಊಟದ ಕೊನೆಯಲ್ಲಿ ಎಲ್ಲರಿಗೂ ಉದ್ದ ಲೋಟದ ತುಂಬ ಮಜ್ಜಿಗೆ. ನನಗೆ ಮಾತ್ರ ಟೀ ಸೋಸುವ ಜಾಲರಿಯಲ್ಲಿ ಸೋಸಿದ ಅರ್ಧ ಲೋಟ. ಯಾರಾದರೂ ಇನ್ನಷ್ಟು ಬಗ್ಗಿಸಲು ಬಂದರೆ ಅತ್ತೆ ಲೋಟಕ್ಕೆ ಕೈ ಅಡ್ಡ ಹಿಡಿಯುತ್ತಾರೆ.

“ಅವ್ರಿಗೆ ಅಷ್ಟೇ ಸಾಕು. ಡ್ರೈವ್ ಮಾಡ್ಬೇಕು!”